ನಲವತ್ತೊಂದನೇ ಪುಟ

ತೆತ್ಸುವಿನ ಗುಟ್ಟು ಬಿಟ್ಟುಕೊಟ್ಟವನು ನಾನು. ಯಾರೂ ಹೊಡೆದು ಬಾಯಿ ಬಿಡಿಸಲಿಲ್ಲ. ಕುಡಿಸಿ ಕೇಳಲಿಲ್ಲ. ಓದಿದ ಹೆಂಗಸೊಬ್ಬರು ಎದುರಿಗೆ ಕೂತು ನನ್ನ ಮಾತನ್ನು ಗಮನ ಕೊಟ್ಟು ಕೇಳಿದರು. ಅಷ್ಟಕ್ಕೇ ಹೇಳಿಬಿಟ್ಟೆ.

ಇಲ್ಲಿ ಬರುವ ಹೆಸರು, ಕಸುಬು ಯಾವುದೂ ಅವನದಲ್ಲ. ತಪ್ಪು ಮಾತ್ರ ನನ್ನದೇ.

ಒಸಾಕಾದ ದಕ್ಷಿಣಕ್ಕೆ, ರೈಲು ಹಳಿಯ ಪಕ್ಕದಲ್ಲಿ ನಮ್ಮ ಕೂಲಿಕೇರಿ. ಗಂಡಸರೇ ತುಂಬಿದ ಕೇರಿ. ಮೂರು ಚಾಪೆ ಅಗಲದ ಬಾಡಿಗೆ ಕೋಣೆಗಳು, ನಿಂತು ಕುಡಿಯುವ ಅಂಗಡಿಗಳು, ನಸುಕಿನಲ್ಲಿ ಕೂಲಿ ಸಿಗುವ ದೊಡ್ಡ ಚಾವಡಿ. ಇಲ್ಲಿ ಮೂರು ಮಾತು ಕೇಳಬಾರದು. ನಿನ್ನ ನಿಜವಾದ ಹೆಸರೇನು, ಹುಟ್ಟಿದ ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ. ಕೇಳಿದವನ ಹಲ್ಲು ಉದುರುತ್ತದೆ. ಇಪ್ಪತ್ತು ವರ್ಷ ಒಟ್ಟಿಗೆ ಗಾರೆ ಹೊತ್ತವನ ಹೆಸರು ನಮಗೆ ಗೊತ್ತಿರುವುದಿಲ್ಲ. ಗೊತ್ತಿದ್ದರೂ ಬಾಯಿಗೆ ತರುವುದಿಲ್ಲ. ಬೇರೆ ಯಾವ ಮರ್ಯಾದೆಯೂ ಸಿಗದವರು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವ ಮರ್ಯಾದೆ ಇದು. ನನ್ನನ್ನು ಶಿಗೆ ಅನ್ನುತ್ತಾರೆ. ಅಷ್ಟು ಸಾಕು.

ಐವತ್ತೆರಡನೇ ವಯಸ್ಸಿನಲ್ಲಿ ಸಾರುವೆಯಿಂದ ಬಿದ್ದು ನನ್ನ ಸೊಂಟ ಹೋಯಿತು. ಭಾರ ಎತ್ತಲಾಗದವನನ್ನು ಚಾವಡಿಯಲ್ಲಿ ಯಾರೂ ಕರೆಯುವುದಿಲ್ಲ. ಆಗ ಬಿಸಿಲುಮನೆ ಎಂಬ ಸಂಸ್ಥೆಯವರು ನನ್ನನ್ನು ಕರೆದು ಕೂರಿಸಿದರು. ಈ ಕೇರಿಯಲ್ಲಿ ಕ್ಷಯ ಬಹಳ. ಆರು ತಿಂಗಳೋ ಒಂಬತ್ತು ತಿಂಗಳೋ ದಿನಾ ಮಾತ್ರೆ ನುಂಗಬೇಕು. ನಡುವೆ ಬಿಟ್ಟರೆ ರೋಗ ಇನ್ನೂ ಮೊಂಡಾಗುತ್ತದೆ. ಅದಕ್ಕೆ, ನುಂಗುವುದನ್ನು ಕಣ್ಣಾರೆ ನೋಡಲು ಒಬ್ಬ ಬೇಕು. ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದರು: ಸಮುದಾಯದ ಆರೋಗ್ಯ ಸಮುದಾಯದ ಕೈಯಲ್ಲಿ. ಸಮುದಾಯ ಅಂದರೆ ನಾನು. ನನ್ನ ಕೈಯಲ್ಲಿ ಇದ್ದದ್ದು ಒಂದು ಟಾರ್ಚು.

ಕೆಲಸ ಇಷ್ಟೇ. ಕಿಟಕಿಯಲ್ಲಿ ಕೂರು. ಮಾತ್ರೆ ಕೊಡು, ನೀರು ಕೊಡು. ನುಂಗಿದ ಮೇಲೆ ‘ಆ’ ಅನ್ನಿಸು. ನಾಲಿಗೆ ಎತ್ತಿಸು. ಟಾರ್ಚು ಬಿಟ್ಟು ಕೆನ್ನೆಯ ಸಂದು ನೋಡು. ಕಾರ್ಡಿಗೆ ಮೊಹರು ಒತ್ತು. ಅರವತ್ತು ದಾಟಿದ ಗಂಡಸರು, ಮೂವತ್ತನೇ ಮಹಡಿಯ ತೊಲೆಯ ಮೇಲೆ ಗಾಳಿಯಲ್ಲಿ ನಡೆದವರು, ಸಂತೆಯಲ್ಲಿ ಹಲ್ಲು ತೋರಿಸುವ ಎತ್ತುಗಳ ಹಾಗೆ ನನ್ನ ಮುಂದೆ ಬಾಯಿ ತೆರೆಯುತ್ತಿದ್ದರು. ಕೊಳೆತ ಹಲ್ಲು, ಹುಣ್ಣು, ಹಿಂದಿನ ದಿನದ ಹೆಂಡದ ವಾಸನೆ. ಕೆಲವರು ಆಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮೊದಮೊದಲು ನಾನೂ ನಾಚಿ ಬೇರೆ ಕಡೆ ನೋಡುತ್ತಿದ್ದೆ. ಆಮೇಲೆ ರೂಢಿಯಾಯಿತು.

ತೆತ್ಸು ಅಂದರೆ ಕಬ್ಬಿಣ. ಕಟ್ಟಡದ ಕಂಬಿ ಕಟ್ಟುವವನು ಅವನು. ಅರವತ್ತಮೂರು ವರ್ಷ. ಕಂಬಿ ಹೊತ್ತು ಹೊತ್ತು ಬಲಹೆಗಲ ಮೇಲೆ ಮುಷ್ಟಿ ಗಾತ್ರದ ಗಂಟು ಎದ್ದಿತ್ತು. ನಾವಿಬ್ಬರೂ ಒಂದೇ ಸೈಟುಗಳಲ್ಲಿ ಹದಿನೆಂಟು ವರ್ಷ ದುಡಿದಿದ್ದೆವು. ಜುಲೈಯಲ್ಲಿ ಅವನಿಗೆ ಕ್ಷಯ ಅಂತಾಯಿತು. ಇನ್ನೊಬ್ಬರಿಗೆ ಹರಡುವ ಹಂತವಲ್ಲ, ಆದರೆ ಎದೆ ಚೆನ್ನಾಗಿಲ್ಲ, ಒಂಬತ್ತು ತಿಂಗಳ ಮದ್ದು ಬೇಕು ಅಂದರು ಡಾಕ್ಟರು.

“ಏನ್ಲಾ ಶಿಗೆ, ಬಾಯೊಳಗೆ ಏನು ಹುಡುಕ್ತೀಯ? ಬಂಗಾರ ಸಿಕ್ಕಿದ್ರೆ ಅರ್ಧ ನಿಂದು.”

“ನಾಲಿಗೆ ಎತ್ತೋ.”

“ನಮ್ಮಪ್ಪನ ಮುಂದೂ ನಾಲಿಗೆ ಎತ್ತಿದೋನಲ್ಲ ನಾನು. ನಿನ್ನ ಮುಂದೆ ಎತ್ತಬೇಕಾಯ್ತು ನೋಡು.”

ಹಾಗೆಂದು ಎತ್ತುತ್ತಿದ್ದ. ಸಾಲಿನಲ್ಲಿ ನಿಂತವರು ನಗುತ್ತಿದ್ದರು.

ತೊಂದರೆ ಇದ್ದದ್ದು ಬೇರೆ. ಬಿಸಿಲುಮನೆಯ ಕಿಟಕಿ ತೆರೆಯುತ್ತಿದ್ದುದು ಒಂಬತ್ತಕ್ಕೆ. ಕೂಲಿಯವರನ್ನು ತುಂಬಿಕೊಂಡು ಮೇಸ್ತ್ರಿಗಳ ವ್ಯಾನುಗಳು ಹೊರಡುತ್ತಿದ್ದುದು ಐದಕ್ಕೆ. ಮಾತ್ರೆಗೆ ಕಾದವನಿಗೆ ಕೂಲಿ ಇಲ್ಲ, ಕೂಲಿಗೆ ಹೋದವನಿಗೆ ಮಾತ್ರೆ ಇಲ್ಲ. “ನಿಮ್ಮ ಕ್ರಿಮಿ ಸಾಹೇಬ್ರು ಒಂಬತ್ತಕ್ಕೆ ಏಳ್ತಾರಾ? ನನ್ನ ಹೊಟ್ಟೆ ನಾಲ್ಕಕ್ಕೇ ಎದ್ದು ಕೂತಿರುತ್ತೆ” ಅಂದಿದ್ದ ತೆತ್ಸು. ನಾನು ಸಂಸ್ಥೆಯ ಮುಖ್ಯಸ್ಥ ತೊಕುನಾಗ ಅವರಿಗೆ ಹೇಳಿದೆ. ನಗರಸಭೆಯ ನಿಯಮ ಅಂದರು. ನರ್ಸು ಬರುವುದೇ ಒಂಬತ್ತಕ್ಕೆ ಅಂದರು.

ಅದಕ್ಕೆ ನಾನೇ ಒಂದು ದಾರಿ ಮಾಡಿಕೊಂಡೆ. ಸಂಜೆ ಹೊರಡುವಾಗ ಏಳು ಜನರ ಮಾತ್ರೆ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ನಸುಕಿಗೆ ಚಾವಡಿಗೆ ಹೋಗಿ, ವ್ಯಾನು ಹತ್ತುವ ಮುಂಚೆ ಅವರಿಗೆ ಕೊಡುತ್ತಿದ್ದೆ. ನನ್ನ ಫ್ಲಾಸ್ಕಿನ ಬಿಸಿನೀರಿನಲ್ಲಿ ನುಂಗಿ ಓಡುತ್ತಿದ್ದರು. ಅಲ್ಲಿಗೆ ನಾನು ಟಾರ್ಚು ಒಯ್ಯಲಿಲ್ಲ. ಹೊಟ್ಟೆಪಾಡಿಗೆ ಓಡುವವನನ್ನು ನಿಲ್ಲಿಸಿ ಬಾಯಿ ತೆರೆ ಅನ್ನಲು ನಾಲಿಗೆ ಬರಲಿಲ್ಲ. ಆಮೇಲೆ ಕಿಟಕಿಗೆ ಬಂದು, ಒಂಬತ್ತು ಗಂಟೆ ಎಂದು ಮೊಹರು ಒತ್ತುತ್ತಿದ್ದೆ. ನಮ್ಮ ಕಿಟಕಿಯಲ್ಲಿ ಮದ್ದು ಮುಗಿಸಿದವರ ಸಂಖ್ಯೆ ಇಡೀ ನಗರದಲ್ಲೇ ಹೆಚ್ಚು. ತೊಕುನಾಗ ಅವರಿಗೆ ಎರಡು ಸಲ ಹೂಗುಚ್ಛ ಸಿಕ್ಕಿತು.

ಇಷ್ಟು ಚೆನ್ನಾಗಿ ಹೇಗೆ ನಡೆಯುತ್ತಿದೆ ಎಂದು ತಿಳಿಯಲು ನಗರಸಭೆ ಕಳಿಸಿದವರೇ ಕುರೋಕಿ ಸೆನ್ಸೈ. ಸೆನ್ಸೈ ಅಂದರೆ ಮೇಷ್ಟರು. ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಕಲಿಸುವವರು. ವಯಸ್ಸು ಮೂವತ್ತೈದು ಇರಬಹುದು. ಅಂಕಿಯಿಂದ ಗೊತ್ತಾಗದ್ದನ್ನು ಜನರ ನಡುವೆ ಇದ್ದು ತಿಳಿಯಬೇಕಂತೆ. ಬಂದ ಮೊದಲ ದಿನವೇ ಸಾಲಿನಲ್ಲಿದ್ದವನೊಬ್ಬ ಕೇಳಿದ: “ಸೆನ್ಸೈ, ಕಾಡಿನವರು ಮುಗಿದ್ರಾ? ನಮ್ಮ ಹತ್ರ ಬಂದ್ರಿ?”

“ಕಾಡಿನವರು ನನ್ನ ಹತ್ರ ಮಾತೇ ಆಡಲಿಲ್ಲ. ಅದಕ್ಕೇ ನಿಮ್ಮ ಹತ್ರ ಬಂದೆ” ಅಂದರು ಅವರು. ಜನ ಬಿದ್ದು ಬಿದ್ದು ನಕ್ಕರು.

ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಅವರು ಒಳ್ಳೆಯವರು. ಮೂಗು ಮುಚ್ಚಿಕೊಳ್ಳಲಿಲ್ಲ. ನಿಂತು ಕುಡಿಯುವ ಅಂಗಡಿಯಲ್ಲಿ ನಮ್ಮ ಜೊತೆ ನಿಂತು ಬೇಯಿಸಿದ ಕರುಳು ತಿಂದರು. ಗಂಜಿ ಹಂಚುವಲ್ಲಿ ಸೌಟು ಹಿಡಿದರು. ಸಂಜೆ ನನ್ನ ಜೊತೆ ಲೋಟ ತೊಳೆಯುತ್ತಿದ್ದರು. ಪುಟ್ಟ ಪುಸ್ತಕದಲ್ಲಿ ಎಡಗೈಯಲ್ಲಿ ಬರೆದುಕೊಳ್ಳುತ್ತಿದ್ದರು. ನಸುಕಿನ ಮಾತ್ರೆಯ ವಿಷಯ ಹೇಳಿದಾಗ, “ಶಿಗೆ ಸಾನ್, ಈ ಕಾರ್ಯಕ್ರಮ ನಡೀತಿರೋದೇ ನಿಮ್ಮಿಂದ” ಅಂದರು. ಸಾನ್ ಅಂದರೆ ‘ಅವರೇ’ ಎಂಬ ಮರ್ಯಾದೆ. ನಾನು ಮುಖ ತಿರುಗಿಸಿಕೊಂಡು ಲೋಟ ಒರೆಸಿದೆ. ಕಣ್ಣು ತುಂಬಿತ್ತು. “ನಿಮಗೇನನ್ನಿಸುತ್ತೆ?” ಎಂದು ಐವತ್ತೆಂಟು ವರ್ಷದಲ್ಲಿ ನನ್ನನ್ನು ಕೇಳಿದವರು ಅವರೊಬ್ಬರೇ.

ತೆತ್ಸು ಮಾತ್ರ ಅವರಿಗೆ ಸಿಕ್ಕಲಿಲ್ಲ. ಆ ಮದ್ದಿಗೆ ಮೂತ್ರದ ಬಣ್ಣ ಬದಲಾಗುತ್ತದೆ. ಕಂಡಾಗಲೆಲ್ಲ ಅದೊಂದನ್ನೇ ಹೇಳುತ್ತಿದ್ದ.

“ಏನಮ್ಮಾ, ಇವತ್ತೂ ಬಂದ್ಯಾ? ನನ್ನ ಉಚ್ಚೆ ಕಿತ್ತಳೆ ಬಣ್ಣ. ಬರ್ಕೊ. ಮಿಕ್ಕಿದ್ದೆಲ್ಲ ನಂದು.”

ಅವರೂ ನಗುತ್ತಾ, “ನಿನ್ನೆಗಿಂತ ಗಾಢಾನಾ, ತಿಳೀನಾ?” ಅನ್ನುತ್ತಿದ್ದರು. ಅದಕ್ಕಿಂತ ಮುಂದೆ ಹೋಗುತ್ತಿರಲಿಲ್ಲ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ. ಕಿಟಕಿ ಮುಚ್ಚಿತ್ತು. ಸೆನ್ಸೈ ವಾರ್ಡ್ ಕಚೇರಿಯಿಂದ ತಂದಿದ್ದ ಒಂದು ಹಾಳೆ ತೋರಿಸಿದರು. ತೆತ್ಸುವಿನ ಬಗ್ಗೆ ಯಾವನೋ ಗುಮಾಸ್ತ ಬರೆದದ್ದು. ‘ಸಹಕಾರ ಮನೋಭಾವವಿಲ್ಲ. ಸರ್ಕಾರದ ಜೀವನ ಸಹಾಯ ಕೊಡಿಸುತ್ತೇವೆಂದರೂ ನಿರಾಕರಿಸುತ್ತಾನೆ. ಕುಡಿತದ ಹಣಕ್ಕಾಗಿ ಕೂಲಿಗೆ ಹೋಗುತ್ತಾನೆ.’

ನನ್ನ ಮೈ ಉರಿಯಿತು. ತೆತ್ಸು ಕುಡಿಯುವುದನ್ನು ಬಿಟ್ಟು ಒಂಬತ್ತು ವರ್ಷವಾಗಿತ್ತು.

“ಇದನ್ನ ನಾನು ಅಲ್ಲಗಳೀಬೇಕು ಶಿಗೆ ಸಾನ್” ಅಂದರು ಸೆನ್ಸೈ. “ಆದ್ರೆ ಸಹಾಯ ಯಾಕೆ ಬೇಡ ಅಂತಾರೆ ಅನ್ನೋದು ನನಗೇ ಗೊತ್ತಿಲ್ಲ. ಸಹಾಯ ತಗೊಂಡ್ರೆ ಆರಾಮಾಗಿ ಮಲಗಿ ಮದ್ದು ತಗೋಬಹುದಲ್ವಾ?”

ನನಗೆ ಗೊತ್ತಿತ್ತು. ಈ ಕೇರಿಯಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು.

ಹತ್ತು ವರ್ಷದ ಹಿಂದೆ ಒಂದು ಅಣೆಕಟ್ಟೆಯ ಕೆಲಸದಲ್ಲಿ ಅವನಿಗೆ ಭಾರಿ ಜ್ವರ ಬಂದಿತ್ತು. ಮಳೆಗೆ ಕೆಲಸ ನಿಂತು ಮಿಕ್ಕವರೆಲ್ಲ ಪೇಟೆಗೆ ಹೋಗಿದ್ದರು. ಕೂಲಿಗಳ ಶೆಡ್ಡಿನಲ್ಲಿ ನಾವಿಬ್ಬರೇ. ಸಾಯುತ್ತೇನೆ ಅಂದುಕೊಂಡು ನನ್ನ ತೋಳು ಹಿಡಿದು ಹೇಳಿದ್ದ. ಅವನು ಚರ್ಮ ಹದ ಮಾಡುವ ಕೇರಿಯಲ್ಲಿ ಹುಟ್ಟಿದವನು. ಆ ಕೇರಿಯವರನ್ನು ಈ ದೇಶದಲ್ಲಿ ಯಾರೂ ಮನೆಗೆ ಸೇರಿಸುವುದಿಲ್ಲ. ಅವರನ್ನು ಹೊರಗಿಟ್ಟ ಕಾನೂನು ಹೋಗಿ ನೂರು ವರ್ಷ ದಾಟಿತು, ಮೂಗು ಮುರಿಯುವುದು ಹೋಗಲಿಲ್ಲ. ಮದುವೆಗೆ ಮುಂಚೆ ಗೂಢಚಾರರನ್ನಿಟ್ಟು ಹುಟ್ಟಿದ ಊರು ಹುಡುಕಿಸುವವರು ಈಗಲೂ ಇದ್ದಾರೆ. ತೆತ್ಸುಗೆ ಒಬ್ಬಳು ಮಗಳು. ಅವಳಿಗೆ ನಾಲ್ಕು ವರ್ಷವಿದ್ದಾಗ ಹೆಂಡತಿ ಅವಳನ್ನು ಕರೆದುಕೊಂಡು ಬೇರೆ ಊರು ಸೇರಿ, ವಿಳಾಸ ಬದಲಿಸಿ, ಹೆಸರು ಬದಲಿಸಿದಳು. ತೆತ್ಸು ಕಾಣೆಯಾದ. ಅವನು ಸಿಕ್ಕರೆ ತಾನೇ ಕೇರಿ ಸಿಗುವುದು. ಮಗಳಿಗೆ ಒಳ್ಳೆಯ ಮನೆಯಲ್ಲಿ ಮದುವೆಯಾಗಿದೆ ಎಂದು ಯಾವುದೋ ಮೂಲದಿಂದ ಅವನಿಗೆ ತಿಳಿದಿತ್ತು. “ನಾನು ಸತ್ರೆ ಯಾರಿಗೂ ಹೇಳಬೇಡ ಕಣೋ. ಬೂದೀನ ಇಲ್ಲೇ ಹೊಳೆಗೆ ಹಾಕು. ನಾನು ಅವಳಿಗೆ ಕೊಟ್ಟಿರೋದು ಇದೊಂದೇ.”

ಸರ್ಕಾರದ ಸಹಾಯ ಕೇಳಿದರೆ ವಾರ್ಡ್ ಕಚೇರಿಯವರು ಮೊದಲು ಕುಟುಂಬದ ದಾಖಲೆ ತೆಗೆಸಿ ರಕ್ತಸಂಬಂಧಿಗಳಿಗೆ ಕಾಗದ ಹಾಕುತ್ತಾರೆ. ಇಂಥವರು ನಿಮ್ಮ ತಂದೆ, ನೀವು ಸಾಕುತ್ತೀರಾ ಎಂದು. ಅದಕ್ಕೇ ಅವನು ಆ ಕಚೇರಿಯ ಮೆಟ್ಟಿಲು ತುಳಿಯುತ್ತಿರಲಿಲ್ಲ. ಅದಕ್ಕೇ ಕ್ಷಯದ ಎದೆ ಹೊತ್ತು ಕಂಬಿ ಹೊರುತ್ತಿದ್ದ.

ಇದನ್ನೆಲ್ಲ ನಾನು ಸೆನ್ಸೈಗೆ ಹೇಳಿದೆ. ಸ್ನೇಹಿತನ ಮಾನ ಉಳಿಸಲು ಹೇಳಿದೆ ಎಂದು ಮುಂದೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ನಿಜ. ಇನ್ನರ್ಧ ಏನೆಂದರೆ, ಅಂಥ ದೊಡ್ಡ ಓದು ಓದಿದವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂಬ ಹಮ್ಮು. ಹೇಳುತ್ತಾ ಹೇಳುತ್ತಾ ನನ್ನ ದನಿ ಏರಿತು. ಚೆನ್ನಾಗಿಯೇ ಹೇಳಿದೆ.

ಅವರು ಬರೆಯುವುದನ್ನು ನಿಲ್ಲಿಸಿ ಕೇಳಿದರು: “ಇದನ್ನ ವರದೀಲಿ ಹಾಕಬಹುದಾ?”

ಅವರು ಕೇಳಬೇಕಾದದ್ದು ತೆತ್ಸುವನ್ನು. ನಾನು ಹೇಳಬೇಕಾದದ್ದೂ ಅದನ್ನೇ. ನಾನು ಹೇಳಿದ್ದು, “ಹೆಸರು ಹಾಕಬೇಡಿ ಅಷ್ಟೇ.”

ನವೆಂಬರಿನಲ್ಲಿ ವರದಿ ಬಂತು. ನೀಲಿ ರಟ್ಟು. ರಟ್ಟಿನ ಮೇಲೆ ಸೆನ್ಸೈ ಹೆಸರು, ಅದರ ಕೆಳಗೆ ‘ಸಹ ಸಂಶೋಧಕ: ಶಿಗೆ’. ನನ್ನ ಹೆಸರು ಅಚ್ಚಾದದ್ದು ಅದೇ ಮೊದಲು. ಕೋಣೆಯಲ್ಲಿ ಟೀವಿಯ ಮೇಲೆ ಒರಗಿಸಿಟ್ಟೆ. ನಲವತ್ತೊಂದನೇ ಪುಟದಲ್ಲಿ ತೆತ್ಸು ಇದ್ದ. ‘ಶ್ರೀ ಅ., ಅರವತ್ತರ ಆಸುಪಾಸು, ಕಂಬಿ ಕಟ್ಟುವ ಕೆಲಸ’ ಎಂದು ಶುರುವಾಗಿ ಕೇರಿ, ಮಗಳು, ಕಾಗದ, ಎಲ್ಲವೂ ಇತ್ತು. ನಮ್ಮ ಕಿಟಕಿಗೆ ಬರುತ್ತಿದ್ದವರು ಮೂವತ್ತೊಂದು ಜನ. ಅದರಲ್ಲಿ ಕಂಬಿ ಕಟ್ಟುವವನು ಒಬ್ಬನೇ. ಅದು ನನಗೆ ಹೊಳೆಯಲಿಲ್ಲ. ಓದಿದಾಗ ಎಷ್ಟು ಚೆನ್ನಾಗಿ ಬರೆದಿದ್ದಾರೆ ಅನ್ನಿಸಿತು.

ಕೊನೆಯಲ್ಲಿ ಶಿಫಾರಸುಗಳಿದ್ದವು. ಕಿಟಕಿಯನ್ನು ನಸುಕಿನ ನಾಲ್ಕೂವರೆಗೆ ತೆರೆಯಬೇಕು. ಇಂಥವರ ಸಂಬಂಧಿಕರಿಗೆ ಕಾಗದ ಹಾಕುವುದನ್ನು ನಿಲ್ಲಿಸಬೇಕು. ಎರಡೂ ನ್ಯಾಯದ ಮಾತು.

ನಗರಸಭೆಯವರು ಓದಿದರು. ಅವರ ಕಣ್ಣಿಗೆ ಬಿದ್ದದ್ದು ಬೇರೆ. ಮಾತ್ರೆ ಕಟ್ಟಡದಿಂದ ಹೊರಗೆ ಹೋಗಿದೆ, ಒಂಬತ್ತರ ಮೊಹರು ಸುಳ್ಳು. ಡಿಸೆಂಬರ್ ಒಂದಕ್ಕೆ ಮಾತ್ರೆಯ ಕಪಾಟಿಗೆ ಬೀಗ ಬಿತ್ತು. ಬೀಗದ ಕೈ ನರ್ಸಿನ ಹತ್ತಿರ. ನರ್ಸು ಬರುವುದು ಒಂಬತ್ತಕ್ಕೆ.

ಏಳು ಜನರಲ್ಲಿ ನಾಲ್ವರು ಮದ್ದು ಬಿಟ್ಟು ಕೂಲಿ ಹಿಡಿದರು. ತೆತ್ಸು ಕೂಲಿ ಬಿಟ್ಟು ಮದ್ದು ಹಿಡಿದ.

“ಇನ್ನು ಐದು ತಿಂಗಳು ತಾನೇ? ಮುಗಿಸಿಬಿಡ್ತೀನಿ. ಆಮೇಲೆ ದುಡಿಯೋದು ಇದ್ದೇ ಇದೆ.”

“ಅಲ್ಲಿವರೆಗೆ ಬಾಡಿಗೆಗೆ ಏನೋ ಮಾಡ್ತೀಯ?”

“ನಿನಗ್ಯಾಕೆ? ನೀನು ಬಾಯಿ ನೋಡು. ಆ...”

ಹತ್ತೇ ದಿನದಲ್ಲಿ ಕೋಣೆ ಬಿಟ್ಟ. ಎತ್ತರದಲ್ಲಿ ಹಾಯುವ ಹಳಿಯ ಕೆಳಗೆ ರಟ್ಟು ಹಾಸಿಕೊಂಡು ಮಲಗುವವರ ಜೊತೆ ಸೇರಿದ. ದಿನಕ್ಕೊಂದು ಹೊತ್ತು ಗಂಜಿ. ಒಂಬತ್ತಕ್ಕೆ ಸರಿಯಾಗಿ ಕಿಟಕಿಗೆ ಬರುತ್ತಿದ್ದ. ಬರಿ ಹೊಟ್ಟೆಗೆ ಅಷ್ಟು ಮಾತ್ರೆ ನುಂಗಿ, ಮೂಲೆಗೆ ಹೋಗಿ ವಾಂತಿ ತಡೆದುಕೊಂಡು ನಿಲ್ಲುತ್ತಿದ್ದ. ನಾನು ಒಂದು ದಿನ ಅಂದೆ: “ನನ್ನ ಕೋಣೆಗೆ ಬಾರೋ... ಜಾಗ ಕಮ್ಮಿ... ಮನೆ ಯಜಮಾನ ಏನಂತಾನೋ ಕೇಳಬೇಕು...” ಬೇಡ ಅನ್ನಲಿ ಎಂಬ ದನಿಯಲ್ಲೇ ಕರೆದಿದ್ದೆ. ಅವನಿಗೆ ಅದು ತಿಳಿಯಿತು. ಬೇಡ ಅಂದ. ನನಗೆ ನೆಮ್ಮದಿಯಾಯಿತು. ಆ ನೆಮ್ಮದಿಯನ್ನೂ ಇಲ್ಲೇ ಒಪ್ಪಿಕೊಳ್ಳುತ್ತೇನೆ.

ಜನವರಿಯಲ್ಲಿ ಒಂದು ಬೆಳಗ್ಗೆ ಗಂಜಿಯ ಸಾಲಿನಲ್ಲಿ ತೆತ್ಸು ಕುಸಿದು ಬಿದ್ದ. ಆಂಬುಲೆನ್ಸ್ ಬಂತು. ಪ್ರಜ್ಞೆ ಇರಲಿಲ್ಲ. ಪ್ರಜ್ಞೆ ಇಲ್ಲದವನಿಗೆ ಸಹಿ ಬೇಕಿಲ್ಲ. ವಾರ್ಡ್ ಕಚೇರಿಯವರು ತಾವಾಗಿಯೇ ಅವನನ್ನು ಸರ್ಕಾರದ ಸಹಾಯಕ್ಕೆ ಸೇರಿಸಿಕೊಂಡರು.

ಮೂರು ದಿನದ ಮೇಲೆ ಆ ಕಚೇರಿಯ ಹಮಾಗುಚಿ ಎಂಬವರು ಬಿಸಿಲುಮನೆಗೆ ಬಂದರು. ಚಿಕ್ಕ ವಯಸ್ಸು, ಹೊಸ ಬೂಟು. ಕೈಯಲ್ಲಿ ಸಿಹಿಯ ಡಬ್ಬಿ. ಕಂಕುಳಲ್ಲಿ ನೀಲಿ ರಟ್ಟು.

“ಶಿಗೆ ಸಾನ್, ನಿಮ್ಮ ವರದಿ ತುಂಬಾ ಉಪಯೋಗಕ್ಕೆ ಬಂತು. ನಲವತ್ತೊಂದನೇ ಪುಟ ನಾವೆಲ್ಲ ಕೂತು ಚರ್ಚೆ ಮಾಡಿದ್ವಿ. ಕಾಗದ ಹಾಕೋದು ಅಮಾನವೀಯ. ಒಪ್ಪಿದ್ವಿ. ಅದಕ್ಕೇ ಈ ಸಲ ಕಾಗದ ಹಾಕಲಿಲ್ಲ.”

“ದೊಡ್ಡ ಉಪಕಾರ ಆಯ್ತು” ಅಂದೆ.

“ಖುದ್ದಾಗಿ ಫೋನ್ ಮಾಡಿದೆ.”

ನನ್ನ ಕೈಯಲ್ಲಿದ್ದ ಲೋಟ ಮೇಜಿನ ಮೇಲಿಟ್ಟೆ.

“ಯಾರು ಎತ್ತಿದ್ರು?”

“ಅವರ ಮಗಳ ಅತ್ತೆ. ತುಂಬಾ ಮರ್ಯಾದಸ್ಥರು. ಮೊದಲು, ತಂದೆ ಇಲ್ವಲ್ಲ, ತೀರಿಕೊಂಡಿದ್ದಾರಲ್ಲ ಅಂದ್ರು. ಪಾಪ, ಗೊಂದಲ ಆಗಬಾರದು ಅಂತ ನಾನೇ ಎಲ್ಲಾ ನಿಧಾನಕ್ಕೆ ಬಿಡಿಸಿ ಹೇಳಿದೆ.”

“ಏನು ಬಿಡಿಸಿ ಹೇಳಿದ್ರಿ?”

“ಹೆಸರು, ಕಾಯಿಲೆ, ಹುಟ್ಟಿದ ಊರು. ಗುರುತು ಹತ್ತಬೇಕಲ್ಲ.”

ಅವರ ಕೊರಳಪಟ್ಟಿ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಹಿಡಿಯುವ ಕೈ ನನ್ನದಾದರೆ ಮೊದಲು ನನ್ನ ಕೊರಳನ್ನೇ ಹಿಡಿಯಬೇಕು. ಅವರು ಬಾಗಿ ನಮಸ್ಕರಿಸಿ ಹೋದರು. ಡಬ್ಬಿಯಲ್ಲಿದ್ದ ಸಿಹಿಯನ್ನು ಸಂಜೆ ಎಲ್ಲರೂ ಹಂಚಿಕೊಂಡು ತಿಂದರು.

ವಾರದೊಳಗೆ ವಾರ್ಡ್ ಕಚೇರಿಗೆ ಮಗಳಿಂದ ಕಾಗದ ಬಂತು. ಒಂದೇ ಸಾಲು. ‘ಈ ವ್ಯಕ್ತಿಗೂ ನನಗೂ ಯಾವ ಸಂಬಂಧವೂ ಇಲ್ಲ.’ ಕೆಳಗೆ ಮುದ್ರೆ. ನಿಯಮದ ಪ್ರಕಾರ ಹಮಾಗುಚಿ ಅದನ್ನು ಆಸ್ಪತ್ರೆಗೆ ಒಯ್ದು ತೆತ್ಸುಗೆ ತೋರಿಸಿದರು. ನಿಮ್ಮ ಕಷ್ಟ ನಮಗೆಲ್ಲ ಅರ್ಥವಾಗಿದೆ ಎಂದು ಧೈರ್ಯ ಹೇಳಿ, ವರದಿಯ ಆ ಪುಟವನ್ನೂ ತೆರೆದು ತೋರಿಸಿದರು.

ನಾನು ಆಸ್ಪತ್ರೆಗೆ ಹೋಗಲಿಲ್ಲ. ಎರಡು ಸಲ ಬಸ್ ನಿಲ್ದಾಣದವರೆಗೆ ಹೋಗಿ ವಾಪಸ್ ಬಂದೆ. ಸೆನ್ಸೈ ಹೋದರಂತೆ. ಹಾಸಿಗೆಯ ಪಕ್ಕ ನೆಲಕ್ಕೆ ಹಣೆ ಹಚ್ಚಿ ಕ್ಷಮೆ ಕೇಳಿದರಂತೆ. ತೆತ್ಸು ಗೋಡೆಯ ಕಡೆ ತಿರುಗಿ, “ಏಳಮ್ಮ. ಕೇಳೋದು ನಿನ್ನ ಕಸುಬು” ಅಂದನಂತೆ. ಇಷ್ಟನ್ನು ಸೆನ್ಸೈಯೇ ಅಳುತ್ತಾ ಫೋನಿನಲ್ಲಿ ಹೇಳಿದರು. ಕಸುಬಿಲ್ಲದೆ ಹೇಳಿದವನು ನಾನು. ಫೋನ್ ಇಟ್ಟುಬಿಟ್ಟೆ.

ಫೆಬ್ರವರಿ ನಡುವಿಗೆ ತೆತ್ಸುವನ್ನು ಬಿಟ್ಟರು. ಮಾರನೆಯ ದಿನ ಒಂಬತ್ತಕ್ಕೆ ಕಿಟಕಿಯ ಸಾಲಿನಲ್ಲಿ ನಿಂತಿದ್ದ. ಸರ್ಕಾರ ಕೊಟ್ಟ ಹೊಸ ಕೋಟು. ಮೈಯಲ್ಲಿ ಕೊಂಚ ಮಾಂಸ ಹತ್ತಿತ್ತು. ಮುಂದೆ ಆರು ಜನ, ಹಿಂದೆ ಎಂಟು ಜನ. ಅವನ ಸರದಿ ಬಂತು. ಮಾತ್ರೆ ಕೊಟ್ಟೆ. ಒಂದು ಮಾತ್ರೆ ಕೈ ಜಾರಿ ಕೆಳಗೆ ಬಿತ್ತು. ಅವನೇ ಬಗ್ಗಿ ಎತ್ತಿಕೊಂಡ, ಊದಿದ, ಎಲ್ಲವನ್ನೂ ಒಟ್ಟಿಗೆ ಬಾಯಿಗೆ ಹಾಕಿ ನೀರು ಕುಡಿದ.

ನಾನು ಟಾರ್ಚು ಎತ್ತಿದೆ. ಅವನು ಬಾಯಿ ತೆರೆಯಲಿಲ್ಲ.

“ತೆತ್ಸು.”

“ನುಂಗಿದ್ದೀನಿ. ಒತ್ತು ಮೊಹರು.”

“ನೋಡಬೇಕಲ್ಲೋ...”

“ಇಷ್ಟು ತಿಂಗಳು ನನ್ನ ಬಾಯೊಳಗೆ ಬೆಳಕು ಬಿಟ್ಟು ನೋಡ್ದೆ. ಹಲ್ಲು ನೋಡ್ದೆ, ನಾಲಿಗೆ ಕೆಳಗೆ ನೋಡ್ದೆ. ನಿನ್ನ ಬಾಯಿಗೆ ಯಾವನ್ಲಾ ಟಾರ್ಚು ಬಿಡಬೇಕಿತ್ತು?”

ಬೀದಿಯಲ್ಲಿ ಹಳೇ ರಟ್ಟು ಆಯುವವನ ಗಾಡಿ ಹೋಗುವುದು ಕೇಳಿಸಿತು.

“ಅವರು ನಿನ್ನ ಬಗ್ಗೆ ಕೆಟ್ಟದಾಗಿ ಬರೆದಿದ್ರು ಕಣೋ. ಕುಡುಕ ಅಂತ...”

“ಅನ್ನಲಿ! ಕುಡುಕ ಅನ್ನಲಿ, ಕಳ್ಳ ಅನ್ನಲಿ. ನಲವತ್ತು ವರ್ಷ ಅನ್ನಿಸ್ಕೊಂಡೇ ದುಡಿದಿದ್ದೀನಿ. ನನ್ನ ಮಾನ ಕಾಯಿ ಅಂತ ನಿನ್ನ ಕೇಳಿದ್ನಾ? ಈಗ ನನಗೆ ಕೋಣೆ ಇದೆ. ಮೂರು ಹೊತ್ತು ಅನ್ನ ಇದೆ. ಬೇಡ ಅನ್ನೋಕೆ ಇದ್ದ ಕಾರಣಾನೇ ಹೋಯ್ತಲ್ಲ. ಮಾರ್ದೋನು ನೀನು, ಉಣ್ಣೋನು ನಾನು.”

ನಾನು ತಲೆ ತಗ್ಗಿಸಿದೆ. ಅವನ ದನಿ ಇಳಿಯಿತು.

“ಕಾಗದ ತೋರಿಸಿದ್ರು. ಅಕ್ಷರ ಚೆನ್ನಾಗಿದೆ. ಅವಳು ಬರೆದಿದ್ದನ್ನ ನಾನು ನೋಡಿರಲಿಲ್ಲ.”

ಕಾರ್ಡನ್ನು ನನ್ನ ಕಡೆ ತಳ್ಳಿದ. ಒಳಗಿನಿಂದ ತೊಕುನಾಗ ಅವರು, “ಶಿಗೆ ಸಾನ್, ಬಾಯಿ ನೋಡದೆ ಒತ್ತಬೇಡಿ. ನಿಯಮ ಇದೆ” ಅಂದರು. ನಾನು ಟಾರ್ಚು ಮೇಜಿನ ಖಾನೆಗೆ ಹಾಕಿದೆ. ಮೊಹರು ಒತ್ತಿದೆ. ತೆತ್ಸು ಕಾರ್ಡು ಜೇಬಿಗೆ ಹಾಕಿಕೊಂಡು ಹೋದ. ಹಿಂದಿದ್ದವನು ಮಾತ್ರೆ ನುಂಗಿದ, ತುಟಿ ಒರೆಸಿಕೊಂಡ, ಬಾಯಿ ತೆರೆಯಲಿಲ್ಲ. ಅವನ ಹಿಂದಿನವನೂ ತೆರೆಯಲಿಲ್ಲ. ಎಂಟು ಜನರಿಗೂ ಹಾಗೇ ಒತ್ತಿದೆ.

“ಇದು ಬಂಡಾಯನಾ?” ಅಂದರು ತೊಕುನಾಗ.

“ಗೊತ್ತಿಲ್ಲ. ಬೇಕಾದ್ರೆ ನನ್ನ ತೆಗೆದುಹಾಕಿ. ಇನ್ನು ಯಾರ ಬಾಯೂ ನಾನು ನೋಡಲ್ಲ.”

ತೆಗೆದುಹಾಕಲಿಲ್ಲ. ವರದಿಯ ರಟ್ಟಿನ ಮೇಲೆ ಹೆಸರಿದ್ದವನನ್ನು ಹೇಗೆ ತೆಗೆಯುವುದು? ಆ ಹೆಸರಿನಿಂದ ನನಗಾದ ಲಾಭ ಅದೊಂದು. ತೆತ್ಸು ದಿನಾ ಬಂದ. ಭಾನುವಾರ ಬಿಟ್ಟು ಐವತ್ತೆಂಟು ದಿನ. ಕಾರ್ಡು ತಳ್ಳುವುದು, ನುಂಗುವುದು, ಹೋಗುವುದು. ಆ ಐವತ್ತೆಂಟು ದಿನ ನನ್ನ ಜೊತೆ ಒಂದು ಮಾತಾಡಲಿಲ್ಲ. ನಿಜವಾಗಿ ನುಂಗುತ್ತಿದ್ದಾನೋ, ಆಚೆ ಹೋಗಿ ಉಗುಳುತ್ತಿದ್ದಾನೋ ನನಗೆ ಗೊತ್ತಿರಲಿಲ್ಲ. ಬದುಕಬೇಕೆಂಬ ಆಸೆ ಅವನಿಗೆ ಯಾಕಿರಬೇಕು ಎಂದು ದಿನಾ ಹೆದರುತ್ತಿದ್ದೆ. ಕೇಳುವ ಹಕ್ಕು ನನಗಿರಲಿಲ್ಲ.

ಏಪ್ರಿಲ್ ಕೊನೆಗೆ ಅವನ ಮದ್ದು ಮುಗಿಯಿತು. ಕಫದ ಪರೀಕ್ಷೆ, ಎದೆಯ ಫೋಟೋ ಎರಡೂ ಬಂದವು. ಕ್ರಿಮಿ ಇಲ್ಲ. ಪೂರಾ ವಾಸಿ. ಒಂದು ಮಾತ್ರೆಯನ್ನೂ ಅವನು ತಪ್ಪಿಸಿರಲಿಲ್ಲ.

ಮುಗಿಸಿದವರಿಗೆ ಬಿಸಿಲುಮನೆಯಲ್ಲಿ ಪ್ರಮಾಣಪತ್ರ ಕೊಟ್ಟು, ಚಪ್ಪಾಳೆ ತಟ್ಟಿ, ಫೋಟೋ ತೆಗೆಯುತ್ತಾರೆ. ಅವತ್ತು ತೊಕುನಾಗ ಇದ್ದರು, ಹಮಾಗುಚಿ ಇದ್ದರು. ಸೆನ್ಸೈ ಬಂದು ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದರು. ಇಳಿದುಹೋಗಿದ್ದರು. ತೆತ್ಸು ಹೆಗಲಿಗೆ ಚೀಲ ಹಾಕಿಕೊಂಡೇ ಬಂದ. ಪತ್ರ ಬೇಡ ಅಂದ. ಫೋಟೋ ಬೇಡ ಅಂದ. ಕಾರ್ಡನ್ನು ಮೇಜಿನ ಮೇಲಿಟ್ಟು ತಿರುಗಿದ.

ಸೆನ್ಸೈ ಎರಡು ಹೆಜ್ಜೆ ಮುಂದೆ ಬಂದರು. ಪುಸ್ತಕ ಕೈಯಲ್ಲಿತ್ತು, ತೆರೆದಿರಲಿಲ್ಲ.

“ನಾನು ಇನ್ನೊಂದು ವರದಿ ಬರೀಬೇಕು. ಮೊದಲನೇ ವರದಿ ನಿಮಗೆ ಏನು ಮಾಡ್ತು ಅಂತ. ಆ ಫೋನು, ಆ ಬೀಗ, ಎಲ್ಲ. ಬರೆದ್ರೆ ಮುಂದೆ ಯಾರಿಗೂ ಹೀಗಾಗದ ಹಾಗೆ ತಡೀಬಹುದು. ಆದ್ರೆ ನೀವು ಒಪ್ಪಿದ್ರೆ ಮಾತ್ರ. ಈ ಸಲ ನಿಮ್ಮನ್ನೇ ಕೇಳ್ತಿದ್ದೀನಿ.”

ತೆತ್ಸು ಅವರನ್ನು ನೋಡಿದ. ಆಮೇಲೆ ಎರಡೂವರೆ ತಿಂಗಳಲ್ಲಿ ಮೊದಲ ಸಲ ನನ್ನನ್ನು ನೇರವಾಗಿ ನೋಡಿದ.

“ನನ್ನ ಯಾಕಮ್ಮ ಕೇಳ್ತೀಯ? ಶಿಗೆನ ಕೇಳು. ನನ್ನ ವಿಷಯ ಹೇಳೋದು ಅವನಿಗೇ ರೂಢಿ.”

ಹಾಗೆಂದು ಹೊರಗೆ ಹೋದ.

ಎಲ್ಲರೂ ನನ್ನ ಕಡೆ ತಿರುಗಿದರು. ಸೆನ್ಸೈ ಕಾಯುತ್ತಾ ನಿಂತರು. ಹೇಳಿದರೆ ಮುಂದಿನವನಿಗೆ ಉಪಯೋಗವಾದೀತು ಎಂದು ನನ್ನ ತಲೆ ಹೇಳಿತು. ಸೆಪ್ಟೆಂಬರಿನಲ್ಲೂ ಅದು ಹಾಗೇ ಹೇಳಿತ್ತು. ನಾಲಿಗೆಯ ತುದಿಯವರೆಗೆ ಎಲ್ಲಾ ಬಂದು ನಿಂತಿತ್ತು. ಅವನು ಮಾತ್ರೆ ಎತ್ತಿಕೊಂಡು ಊದಿದ್ದು, ಅಕ್ಷರ ಚೆನ್ನಾಗಿದೆ ಅಂದದ್ದು.

“ಶಿಗೆ ಸಾನ್?” ಅಂದರು ಸೆನ್ಸೈ.

ನಾನು ಬಾಯಿ ಮುಚ್ಚಿಕೊಂಡೆ. ಏಳು ತಿಂಗಳು ತಡವಾಗಿ. ಕಿಟಕಿಯಿಂದ ನೋಡಿದಾಗ ತೆತ್ಸು ಆಗಲೇ ಹಳಿಯ ಕೆಳಗಿನ ದಾರಿ ದಾಟಿದ್ದ. ಎಲ್ಲಿಗೆ ಹೋಗುತ್ತೀಯ ಎಂದು ನಾನು ಕೂಗಿ ಕೇಳಲಿಲ್ಲ.